ಫೋಟೋದ ಹಿಂದೆ ಹೆಸರು ಬರೆದಿಡಿ

ನಮ್ಮ ಮನೆಯಲ್ಲಿ ಒಂದು ಹಳೇ ಫೋಟೋ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಿಳುಪು, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ್ದು. ದೊಡ್ಡದೊಂದು ವಿಮಾನದ ರೆಕ್ಕೆ ಕೆಳಗೆ ಹನ್ನೊಂದು ಜನ ಸಾಲಾಗಿ ನಿಂತಿದ್ದಾರೆ. ಎಡದಿಂದ ಮೂರನೆಯವರು ನಮ್ಮ ಅಜ್ಜ. ಚಡ್ಡಿ, ಅರ್ಧ ತೋಳಿನ ಅಂಗಿ, ಜೇಬಿನಿಂದ ಇಣುಕುವ ಸ್ಕೇಲು. ಒಬ್ಬರು ಬರಿಗಾಲಿನಲ್ಲಿದ್ದಾರೆ. ಇನ್ನೊಬ್ಬರು ಬಿಸಿಲಿಗೆ ಕಣ್ಣು ಮುಚ್ಚಿಬಿಟ್ಟಿದ್ದಾರೆ. ಬಲತುದಿಯಲ್ಲಿ ಇರುವ ಹುಡುಗನಿಗೆ ಹದಿನೆಂಟೂ ತುಂಬಿರಲಿಕ್ಕಿಲ್ಲ. ಪಕ್ಕದವರ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಾನೆ.

ಜಾಗ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆ. ವಿಮಾನ ಲಿಬರೇಟರ್, ಬಾಂಬು ಹಾಕುವ ಬಾಂಬರ್. ಅಜ್ಜನನ್ನು ಬಿಟ್ಟು ಉಳಿದ ಹತ್ತು ಜನರಲ್ಲಿ ನಾಲ್ಕು ಜನರ ಹೆಸರು ಮಾತ್ರ ನಮಗೆ ಗೊತ್ತು. ಇನ್ನು ಆರು ಜನ ಯಾರು? ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ.

ಎಚ್‌ಎಎಲ್ ಮ್ಯೂಸಿಯಂಗೆ ಹೋದಾಗಲೆಲ್ಲ ಈ ಆರು ಜನ ನೆನಪಾಗುತ್ತಾರೆ. 2001ರಲ್ಲಿ ಶುರುವಾದ ಆ ಮ್ಯೂಸಿಯಂ ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಪಿಕ್ನಿಕ್ ಜಾಗ. ಹೊರಗಡೆ ಎಚ್‌ಎಎಲ್‌ನಲ್ಲೇ ತಯಾರಾದ ವಿಮಾನಗಳಿವೆ: ಮಾರುತ್ ಇದೆ, ಅಜೀತ್ ಇದೆ, ಕಿರಣ್ ಇದೆ. ಜನ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗೆ 1940ರಿಂದ ಈಚಿನ ಕಥೆ ಹೇಳುವ ಫೋಟೋಗಳ ಹಾಲ್ ಇದೆ. ಅದನ್ನು ಎರಡೇ ನಿಮಿಷದಲ್ಲಿ ದಾಟಿಬಿಡುತ್ತಾರೆ. ಮಕ್ಕಳನ್ನು ಬೈಯೋದಿಲ್ಲ ಬಿಡಿ, ನಿಜವಾದ ವಿಮಾನ ಕಣ್ಣೆದುರಿಗೆ ಇರುವಾಗ ಗೋಡೆ ಯಾರಿಗೆ ಬೇಕು? ಆದರೆ ನನಗೆ ಆ ಹಾಲ್‌ನಿಂದ ಹೊರಗೆ ಬರೋಕೆ ಮನಸ್ಸಾಗುವುದಿಲ್ಲ. ಹೊರಗೆ ನಿಂತಿರುವುದು ತಯಾರಾದ ವಿಮಾನ. ಅದನ್ನು ತಯಾರು ಮಾಡಿದ ಕೈಗಳು ಕಾಣುವುದು ಫೋಟೋದಲ್ಲಿ ಮಾತ್ರ.

ಲಿಬರೇಟರ್ ಕಥೆ ಎಷ್ಟು ಜನರಿಗೆ ಗೊತ್ತೋ ಇಲ್ಲವೋ, ಸ್ವಲ್ಪ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಬಾಂಬರ್‌ಗಳು ರಾಶಿರಾಶಿಯಾಗಿ ಕಾನ್ಪುರದಲ್ಲಿ ಉಳಿದುಬಿಟ್ಟವು. ಅಮೆರಿಕ ಎರವಲು ಕೊಟ್ಟಿದ್ದ ವಿಮಾನಗಳು ಅವು. ಮತ್ತೆ ಯಾರೂ ಹಾರಿಸಬಾರದು ಅಂತ ಬೇಕೆಂದೇ ಕೆಡಿಸಿಟ್ಟಿದ್ದರು. ಸ್ವತಂತ್ರ ಭಾರತದ ವಾಯುಪಡೆಗೆ ಆಗ ದೊಡ್ಡ ಬಾಂಬರ್ ಒಂದೂ ಇರಲಿಲ್ಲ. 1948ರಲ್ಲಿ ಎಚ್‌ಎಎಲ್‌ಗೆ ಕೇಳಿದರು: ಇವುಗಳನ್ನು ಎಬ್ಬಿಸೋಕೆ ಆಗುತ್ತಾ? ಎಚ್‌ಎಎಲ್‌ನವರು ಅಲ್ಲೇ ಹೋಗಿ, ಒಂದರ ಸಾಮಾನು ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಸರಿ ಮಾಡಿದರು. ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ನಾಲ್ಕು ಎಂಜಿನ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ಅಂಥದ್ದನ್ನು ಪೂರ್ತಿ ರಿಪೇರಿ ಆಗುವ ಮುಂಚೆಯೇ ಕಾನ್ಪುರದಿಂದ ಇಲ್ಲಿಗೆ ತರೋದು ಅಂದರೆ ಸುಮ್ನೆ ಮಾತಲ್ಲ. ಇಲ್ಲಿನ ಹ್ಯಾಂಗರ್‌ಗಳಲ್ಲಿ ಅವುಗಳ ನಿಜವಾದ ರಿಪೇರಿ ಆಯ್ತು. ಹೀಗೆ ಸುಮಾರು ನಲವತ್ತು ವಿಮಾನಗಳು ಮತ್ತೆ ಹಾರಿದವು. ವಾಯುಪಡೆ ಅವುಗಳನ್ನು 1968ರವರೆಗೂ ಬಳಸಿತು.

ಮುನ್ಶಿ ಅವರ ಹೆಸರು ಇತಿಹಾಸದಲ್ಲಿ ಉಳಿಯಿತು, ಉಳಿಯಲೇಬೇಕು. ತಗಡು ಬಡಿದವರ, ತಗಡು ಜೋಡಿಸುವ ಮೊಳೆ ಅಂದರೆ ರಿವೆಟ್ ಹೊಡೆದವರ, ಮರಳು ತುಂಬಿದ ಎಂಜಿನ್ ಬಿಚ್ಚಿ ತೊಳೆದವರ ಹೆಸರು? ಅಜ್ಜ ಹೇಳುತ್ತಿದ್ದ ಒಂದೇ ಮಾತು ನನಗೆ ನೆನಪಿದೆ: "ರೆಕ್ಕೆ ಒಳಗೆ ತೂರಿಕೊಂಡು ರಿವೆಟ್ ಹಿಡಿಯೋಕೆ ಸಣ್ಣ ಮೈಯವರೇ ಬೇಕಿತ್ತು." ಬಲತುದಿಯ ಆ ಹುಡುಗ ಅದಕ್ಕೇ ಇದ್ದನೋ ಏನೋ.

ಎರಡು ವರ್ಷದ ಹಿಂದೆ ತಂಗಿ ಮನೆಗೆ ಅಂತ ಲಂಡನ್‌ಗೆ ಹೋಗಿದ್ದೆ. ಅಲ್ಲಿನ ಹೆಂಡನ್‌ನಲ್ಲಿರುವ ಬ್ರಿಟನ್ ವಾಯುಪಡೆಯ ಆರ್‌ಎಎಫ್ ಮ್ಯೂಸಿಯಂನಲ್ಲಿ ಒಂದು ಲಿಬರೇಟರ್ ಇದೆ. ಅದು ನಮ್ಮ ವಾಯುಪಡೆಯ 6ನೇ ಸ್ಕ್ವಾಡ್ರನ್‌ನಲ್ಲಿ ಹಾರಿದ ವಿಮಾನ. 1974ರಲ್ಲಿ ಭಾರತ ಕೊಟ್ಟ ಉಡುಗೊರೆ. ಅದರ ಹೊಟ್ಟೆ ಕೆಳಗೆ ನಿಂತು ತಲೆ ಎತ್ತಿ ರಿವೆಟ್ ಸಾಲುಗಳನ್ನು ನೋಡುತ್ತಾ ನಿಂತುಬಿಟ್ಟೆ. ಇದರಲ್ಲಿ ಯಾವುದಾದರೂ ಒಂದು ನಮ್ಮ ಅಜ್ಜ ಹೊಡೆದದ್ದು ಇರಬಹುದಲ್ವಾ? ತಂಗಿ ಹತ್ತಿರ ಬಂದು ಕೈ ಹಿಡಿದಳು. ಇಬ್ಬರಿಗೂ ಮಾತು ಬರಲಿಲ್ಲ.

ಇನ್ನು ಚಿತ್ರಗಳ ವಿಷಯಕ್ಕೆ ಬರುತ್ತೇನೆ. ಯುದ್ಧದ ಕಾಲದಲ್ಲಿ ಬ್ರಿಟನ್ ಸರ್ಕಾರ ಕಲಾವಿದರನ್ನು ನೇಮಿಸಿ ಯುದ್ಧದ ಚಿತ್ರ ಬರೆಸಿತು. ಲಾರಾ ನೈಟ್ ಅಂತ ಒಬ್ಬ ಚಿತ್ರಕಾರ್ತಿ. 1943ರಲ್ಲಿ, ಅರವತ್ತೈದು ದಾಟಿದ ವಯಸ್ಸಿನಲ್ಲಿ, ಸ್ಟರ್ಲಿಂಗ್ ಬಾಂಬರ್ ಒಂದರ ಒಳಭಾಗವನ್ನು ಬರೆದರು. ಇನ್ನೇನು ವಿಮಾನ ಏಳುವ ಹೊತ್ತು. ಕಿರಿದಾದ ಜಾಗದಲ್ಲಿ ನಾಲ್ವರು, ಸುತ್ತ ಮೀಟರು, ತಂತಿ, ನಕ್ಷೆ. ಚಿತ್ರ ಆರು ಅಡಿ ಎತ್ತರ ಇದೆ, ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮೊಬೈಲಿನಲ್ಲೇ ದೊಡ್ಡದು ಮಾಡಿ ನೋಡಿ. ಯಾರೂ ನಮ್ಮ ಕಡೆ ನೋಡುತ್ತಿಲ್ಲ. ಎಲ್ಲರೂ ಅವರವರ ಕೆಲಸದಲ್ಲಿ ಮುಳುಗಿದ್ದಾರೆ. ಹೀರೋಗಳ ಹಾಗೆ ಎದೆ ಉಬ್ಬಿಸಿ ನಿಂತವರು ಒಬ್ಬರೂ ಇಲ್ಲ. ನನಗೆ ಅದಕ್ಕೇ ಈ ಚಿತ್ರ ಇಷ್ಟ.

ಆ ಚಿತ್ರದಲ್ಲಿರುವ ನ್ಯಾವಿಗೇಟರ್, ಅಂದರೆ ದಾರಿ ಲೆಕ್ಕ ಹಾಕುವ ಹುಡುಗ, ಆಮೇಲೆ ಯುದ್ಧದಲ್ಲೇ ತೀರಿಹೋದ. ಲಾರಾ ನೈಟ್ ಆ ಚಿತ್ರದ ಫೋಟೋ ಒಂದು ಅವನ ಮನೆಯವರಿಗೆ ತಲುಪುವ ಹಾಗೆ ಏರ್ಪಾಡು ಮಾಡಿದರು. ಅವನು ಯಾರು, ಯಾವ ಮನೆಯವನು ಅಂತ ಗೊತ್ತಿದ್ದಕ್ಕೇ ಅಲ್ವಾ ಅದು ಸಾಧ್ಯವಾದದ್ದು?

ಹಾಗೆ ನೇಮಿಸಿದ ಇನ್ನೊಬ್ಬ ಕಲಾವಿದ ಪಾಲ್ ನ್ಯಾಶ್ ಕಥೆ ಬೇರೆ. ಅವರು ಬರೆದದ್ದು ಯಂತ್ರಗಳನ್ನು. ಆಕ್ಸ್‌ಫರ್ಡ್ ಹತ್ತಿರದ ಕೌಲಿಯಲ್ಲಿ ಬಿದ್ದಿದ್ದ ಜರ್ಮನ್ ವಿಮಾನಗಳ ಚೂರುಗಳನ್ನು ಬೆಳದಿಂಗಳಲ್ಲಿ ಸಮುದ್ರದ ಅಲೆಗಳ ಹಾಗೆ ಬರೆದರು. ಜೀವ ಇರುವುದು ಅಂದರೆ ಅದರಲ್ಲಿ ಒಂದು ಗೂಬೆ ಮಾತ್ರ. ಈಗ ಅದು ಟೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಇವರ ಚಿತ್ರಗಳಲ್ಲಿ ಪೈಲಟ್‌ಗಳೇ ಇಲ್ಲ ಅಂತ ವಾಯುಪಡೆ ನೋಡಿಕೊಳ್ಳುವ ಇಲಾಖೆ ಏರ್ ಮಿನಿಸ್ಟ್ರಿಯವರಿಗೆ ಹಿಡಿಸಲಿಲ್ಲ. 1940ರ ಕೊನೆಗೆ ಕೆಲಸದಿಂದ ಬಿಡಿಸಿದರು. ಮೆಚ್ಚುವವರು ಕೆಲವರಿದ್ದರು, ಬೇರೆ ದಾರಿಯಲ್ಲಿ ದುಡ್ಡು ತೆಗೆದಿಟ್ಟು ಚಿತ್ರ ಬರೆಸಿದರು. ಅಧಿಕಾರಿಗಳಿಗೆ ಕಲೆ ಅರ್ಥವಾಗಲಿಲ್ಲ ಅಂತ ಈಗ ಎಲ್ಲರೂ ಅವರನ್ನೇ ದೂರುತ್ತಾರೆ. ನ್ಯಾಶ್ ಚಿತ್ರ ದೊಡ್ಡದು, ನನ್ನದೇನೂ ತಕರಾರಿಲ್ಲ. ಆದರೂ "ಮನುಷ್ಯರು ಎಲ್ಲಿ?" ಅಂತ ಕೇಳಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ನಾನೂ ಅದನ್ನೇ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ, ಮೈಸೂರಿನವರು ಓದಲೇಬೇಕು. 1941ರಲ್ಲಿ ಬ್ರಿಟನ್ನಿನಲ್ಲಿ 129ನೇ ಸ್ಕ್ವಾಡ್ರನ್ ಮತ್ತೆ ಶುರುವಾಯಿತು, ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸುವ ದಳ. ಮೈಸೂರು ಸಂಸ್ಥಾನ ಕೊಟ್ಟ ಹಣಕ್ಕಾಗಿ ಅದಕ್ಕೆ ಮೈಸೂರು ಸ್ಕ್ವಾಡ್ರನ್ ಅಂತಲೇ ಹೆಸರು. ಲಾಂಛನ ಯಾವುದು ಹೇಳಿ? ಗಂಡಭೇರುಂಡ! ನಮ್ಮ ರಾಜ್ಯದ ಮುದ್ರೆಯ ಮೇಲಿರುವ ಅದೇ ಎರಡು ತಲೆಯ ಹಕ್ಕಿ. ಆ ಲಾಂಛನ ಮೊದಲ ಸಲ ನೋಡಿದಾಗ ಮೈ ಜುಮ್ ಅಂದಿತ್ತು. ಆ ಹಣದ ಹಿಂದೆ ನಮ್ಮ ರೈತರ, ಅಂಗಡಿಯವರ ಕಂದಾಯ ಎಷ್ಟಿತ್ತು ಅಂತ ಯೋಚನೆ ಬಂದದ್ದು ಆಮೇಲೆ.

ನಮ್ಮ ಫೋಟೋದ ಕಥೆಗೆ ಉಲ್ಟಾ ಕಥೆ ಕೂಡ ನಮ್ಮೂರಲ್ಲಿ ಇದೆ. ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆ ಕಡೆ ಹೋಗುವವರೆಲ್ಲ "ಸುರಂಜನ್‌ದಾಸ್ ರೋಡಲ್ಲಿ ಟ್ರಾಫಿಕ್" ಅಂತ ದಿನಾ ಹೇಳುತ್ತಾರೆ. ಸುರಂಜನ್ ದಾಸ್ ಯಾರು? 1961ರ ಜೂನ್‌ನಲ್ಲಿ ಮಾರುತ್ ವಿಮಾನವನ್ನು ಮೊದಲ ಸಲ ಹಾರಿಸಿದವರು. 1970ರ ಜನವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಮಾರುತ್ ಪರೀಕ್ಷೆ ಮಾಡುವಾಗಲೇ ಜೀವ ಬಿಟ್ಟರು. ಅವರ ಹೆಸರು ಊರಿಗೆಲ್ಲ ಗೊತ್ತು, ಮುಖ ಗೊತ್ತಿಲ್ಲ. ನಮ್ಮ ಫೋಟೋದ ಆರು ಜನರ ಮುಖ ಇದೆ, ಹೆಸರಿಲ್ಲ.

ತಪ್ಪು ನಮ್ಮದೂ ಇದೆ. ಅಜ್ಜನ ಹತ್ತಿರ ಒಂದು ಆಲ್ಬಂ ತುಂಬ ಇಂಥ ಫೋಟೋಗಳಿದ್ದವು. ಯಾರೋ ಸ್ಮರಣ ಸಂಚಿಕೆಗೆ ಬೇಕು ಅಂತ ಕೇಳಿದರು, ಅಪ್ಪ ಕೊಟ್ಟುಬಿಟ್ಟರು. ಆಲ್ಬಂ ವಾಪಸ್ ಬಂತು, ಅರ್ಧ ಹಾಳೆ ಖಾಲಿ. ಮೂಲೆ ಹಿಡಿಯುವ ಆ ಸಣ್ಣ ಕಪ್ಪು ತ್ರಿಕೋನಗಳು ಮಾತ್ರ ಅಂಟಿಕೊಂಡಿದ್ದವು. ಅಜ್ಜ ಏನೂ ಅನ್ನಲಿಲ್ಲ. ಉಳಿದ ಈ ಒಂದು ಫೋಟೋ ತೆಗೆದು ಭಗವದ್ಗೀತೆ ಪುಸ್ತಕದೊಳಗೆ ಇಟ್ಟುಕೊಂಡರು. ಎಷ್ಟೋ ವರ್ಷದ ಮೇಲೆ ಒಂದು ಸಂಜೆ ನಾನು ಕೂತು ಹೆಸರು ಕೇಳಿದೆ. ನಾಲ್ಕು ಹೇಳುವಷ್ಟರಲ್ಲಿ ಊಟಕ್ಕೆ ಕರೆದರು. ನಾಳೆ ಬರೆದರಾಯ್ತು ಅಂತ ಎದ್ದೆ. ಆ ನಾಳೆ ಬರಲೇ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಎಚ್‌ಎಎಲ್, ವಿಮಾನ ಸಂಶೋಧನೆ ಮಾಡುವ ಎನ್‌ಎಎಲ್, ವಾಯುಪಡೆ, ಎಲ್ಲೇ ಕೆಲಸ ಮಾಡಿದ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಆಲ್ಬಂ ತೆಗೆಯಿರಿ. ಮೆತ್ತನೆ ಪೆನ್ಸಿಲ್ ತಗೊಂಡು, ಒತ್ತದೆ, ಫೋಟೋದ ಹಿಂದೆ ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಬಾಲ್‌ಪೆನ್ ಬೇಡ, ಶಾಯಿ ಮುಂದಕ್ಕೆ ಇಳಿಯಬಹುದು, ಗೆರೆ ಒತ್ತಿ ಮುಖದ ಮೇಲೆ ಮೂಡುತ್ತದೆ. ಹೆಸರು, ಕೆಲಸ, ಊರು, ವರ್ಷ ಇಷ್ಟು ಸಾಕು. ಗೊತ್ತಿಲ್ಲದಿದ್ದರೆ ಊಹೆ ಮಾಡಿ ಬರೆಯಬೇಡಿ, ಜಾಗ ಬಿಡಿ. ಮೂಲ ಫೋಟೋ ಯಾರಿಗೂ ಕೊಡಬೇಡಿ, ಸ್ಕ್ಯಾನ್ ಮಾಡಿ ಕೊಡಿ. ಮ್ಯೂಸಿಯಂಗಳಿಗೆ ನನ್ನ ಮನವಿಯೂ ಅದೇ. ಫೋಟೋ ಕೆಳಗೆ ವಿಮಾನದ ಮಾದರಿ ಬರೆಯುವಾಗ ಪಕ್ಕದಲ್ಲಿ ನಿಂತವರ ಹೆಸರಿಗೂ ಒಂದು ಸಾಲು ಇಡಿ. ಗೊತ್ತಿಲ್ಲದಿದ್ದರೆ "ಇವರನ್ನು ಬಲ್ಲಿರಾ?" ಅಂತ ಕೇಳಿ. ಬೆಂಗಳೂರಿನ ಯಾವ ಬೀದಿಯಿಂದ ಉತ್ತರ ಬರುತ್ತೋ ಹೇಳೋಕಾಗಲ್ಲ.

ನಮ್ಮ ಫೋಟೋ ಕೆಳಗೆ ಹಾಕಿದ್ದೇನೆ. 1949 ಅಥವಾ 50 ಇರಬೇಕು. ಎಡದಿಂದ ಎರಡು, ಐದು, ಆರು, ಎಂಟು, ಒಂಬತ್ತು, ಹನ್ನೊಂದು, ಈ ಆರು ಜನ ಯಾರು ಅಂತ ಗೊತ್ತಿಲ್ಲ. ಹನ್ನೊಂದನೆಯವನೇ ಆ ನಗುವ ಹುಡುಗ. ಎಡಗೈಗೆ ಬಟ್ಟೆ ಸುತ್ತಿಕೊಂಡಿದ್ದಾನೆ, ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ನಿಮ್ಮ ಮನೆಯ ಗೋಡೆ ಮೇಲೆ ಇದೇ ಮುಖ ವಯಸ್ಸಾಗಿ ಎಲ್ಲಾದರೂ ಇದೆಯಾ, ಒಂದು ಸಲ ನೋಡಿ ಹೇಳಿ.