ಸೈಕ್ಲೋನ್ ಬಂದಾಗ ಕಿಟಕಿ ತೆಗೆದಿಡಬೇಕಾ?

ಮಳೆಗಾಲ ಹತ್ರ ಬಂತಂದ್ರೆ ಗೋವಾದ ವಾಸ್ಕೋ ಊರಿನ ನಮ್ಮ ಕನ್ನಡದೋರ ಗ್ರೂಪ್‌ಗಳಲ್ಲಿ ಆ ಮೆಸೇಜ್ ಮತ್ತೆ ಬರತ್ತೆ, ಸೈಕ್ಲೋನ್ ಟೈಮಲ್ಲಿ ಒಂದು ಕಿಟಕಿ ತೆಗೆದಿಡಿ ಇಲ್ಲಾಂದ್ರೆ ಒಳಗಿನ ಒತ್ತಡಕ್ಕೆ ಮನೆ ಸಿಡಿಯತ್ತೆ ಅಂತ. ಕಳಿಸೋರು ಕಾಳಜಿಯಿಂದಾನೇ ಕಳಿಸ್ತಾರೆ. ಆದ್ರೆ ಇದು ತಪ್ಪು, ತಗಡಿನ ಮನೆಗಳಿಗಂತೂ ಅಪಾಯ.

ಸೈಕ್ಲೋನ್ ಹುಟ್ಟೋದು ಹೀಗೆ: ಸಮುದ್ರದ ನೀರು ಸುಮಾರು 26-27 ಡಿಗ್ರಿ ದಾಟಿದಾಗ ಆವಿ ಮೇಲೇರಿ ಮೋಡ ಆಗತ್ತೆ, ಆಗ ಹೊರಬರೋ ಶಾಖಕ್ಕೆ ಗಾಳಿ ಇನ್ನೂ ಮೇಲೆ ಹೋಗಿ ಕೆಳಗೆ ಒತ್ತಡ ಕಮ್ಮಿ ಆಗತ್ತೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗತ್ತೆ, ಭೂಮಿ ತಿರುಗೋದ್ರಿಂದ ಅದು ಸುತ್ತೋಕೆ ಶುರು ಮಾಡತ್ತೆ. ಅಮೆರಿಕದ ಕಡೆ ಹರಿಕೇನ್ ಅನ್ನೋದೂ ಇದನ್ನೇ.

ಸೈಕ್ಲೋನ್ ಬಂದಾಗ ಹೊರಗೆ ಒತ್ತಡ ಇಳಿಯೋದು ನಿಜ, ಆದ್ರೆ ಮನೆ ಡಬ್ಬಿ ಥರ ಸೀಲ್ ಆಗಿರಲ್ಲ. ಕಿಟಕಿ ಮುಚ್ಚಿದ್ರೂ ಪಕ್ಕದ ಮನೆ ಮೀನು ಸಾರಿನ ವಾಸನೆ ಬರತ್ತಲ್ಲ, ಅದೇ ಸಂದಿಗಳಲ್ಲಿ ಒತ್ತಡಾನೂ ಸಮ ಆಗತ್ತೆ. ಕಿಟಕಿ ತೆಗೆದ್ರೆ ಗಾಳಿ ಒಳಗೆ ನುಗ್ಗಿ ಛಾವಣಿನ ಕೆಳಗಿಂದ ಎತ್ತತ್ತೆ, ಮೇಲೆ ಬೀಸೋ ಗಾಳಿ ಎಳೀತಾನೇ ಇರತ್ತೆ, ತಗಡು ಹಾರೋದು ಹೀಗೆ.

2021ರ ಮೇನಲ್ಲಿ ತೌಕ್ತೆ ಸೈಕ್ಲೋನ್ ಗೋವಾ ಪಕ್ಕ ಹಾದು ಹೋದಾಗಲೇ ಎಷ್ಟು ಮರ, ಕರೆಂಟ್ ಕಂಬ ಬಿದ್ವು. ಗಾಳಿಗಿಂತ ನೀರಿಗೆ ನಾನು ಹೆಚ್ಚು ಹೆದರ್ತೀನಿ, ಸಮುದ್ರಾನೇ ದಡ ಹತ್ತತ್ತೆ.

ಇಂಥ ಮೆಸೇಜ್ ಬಂದ್ರೆ ಡೇಟ್, ಊರು ಇದೆಯಾ ನೋಡಿ, ಹವಾಮಾನ ಇಲಾಖೆ ಬುಲೆಟಿನ್ ತೆಗೆದು ಹೋಲಿಸಿ, ಎರಡೇ ನಿಮಿಷದ ಕೆಲಸ. ಮನೆ ಗಟ್ಟಿ ಇಲ್ಲ ಅನ್ಸಿದ್ರೆ ಗಾಳಿ ಏಳೋ ಮುಂಚೇನೇ ಹತ್ತಿರದ ಪಕ್ಕಾ ಕಟ್ಟಡಕ್ಕೆ ಹೋಗ್ಬಿಡಿ.