ಯಾರ ಪಾಲಿಗೂ ಸೇರದ ಲೀನಾ ರೈಸ್

ಐರ್ಲೆಂಡಿನಲ್ಲಿ ನೆಲೆಸಿದ ಮೇಲೆ ಇಲ್ಲಿನವರ ಒಂದು ಹಟ ನನಗೆ ಬಹಳ ಹಿಡಿಸಿದೆ. ಡಬ್ಲಿನ್ನಿನ ಕಿಕ್ಕಿರಿದ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ, ಕೋಲು-ಚೆಂಡಿನ ಐರಿಷ್ ಆಟವಾದ ಹರ್ಲಿಂಗ್‌ನ ಫೈನಲ್ ಆಡಿದವನಿಗೂ ಆಟಕ್ಕೆಂದು ಸಂಬಳವಿಲ್ಲ. ಮತ್ತೆ ತನ್ನ ಕೆಲಸಕ್ಕೆ ಹೋಗಲೇಬೇಕು. ನಾವು ಆಳಿದವರ ಕ್ರಿಕೆಟ್ಟನ್ನು ಮನೆಮಗನಂತೆ ಸಾಕಿಕೊಂಡೆವು. ಇವರು 1884ರಲ್ಲಿ ಟಿಪ್ಪರೇರಿ ಕೌಂಟಿಯ ಥರ್ಲಸ್‌ನಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿ ಹರ್ಲಿಂಗ್‌ನಂಥ ಸ್ವಂತ ಆಟಗಳನ್ನು ಉಳಿಸಿಕೊಂಡರು. ಮುಂದೆ ತಮ್ಮ ಸದಸ್ಯರು ಕ್ರಿಕೆಟ್, ರಗ್ಬಿಯಂಥ ಇಂಗ್ಲಿಷರ ಆಟಗಳನ್ನು ಆಡುವುದನ್ನು ನಿಷೇಧಿಸಿದರು. ಅದು ತೆರವಾದದ್ದು 1971ರಲ್ಲಿ.

ಅದೇ ಟಿಪ್ಪರೇರಿಯ ನ್ಯೂ ಇನ್ ಎಂಬ ಹಳ್ಳಿಯ ಬಳಿ 1866ರಲ್ಲಿ ಲೀನಾ ರೈಸ್ ಹುಟ್ಟಿದಳು. ಅಕ್ಕತಂಗಿಯರು ಸೇರಿ ಮನೆಯಲ್ಲೂ ಹತ್ತಿರದ ಕೇರ್ ಪಟ್ಟಣದ ಕ್ಲಬ್ಬಿನಲ್ಲೂ ಟೆನಿಸ್ ಆಡಿ ಬೆಳೆದವರು. 1889ರ ವಿಂಬಲ್ಡನ್ ಫೈನಲ್‌ನಲ್ಲಿ ಬ್ಲಾಂಚ್ ಹಿಲ್ಯಾರ್ಡ್ ಎದುರು ಮೊದಲ ಸೆಟ್ಟನ್ನು 6-4ರಿಂದ ಗೆದ್ದು, ಮೂರು ಮ್ಯಾಚ್ ಪಾಯಿಂಟ್ ಕೈಗೆ ಬಂದರೂ ಜಾರಿಬಿಟ್ಟವು. 6-8, 4-6ರಿಂದ ಸೋಲು. ನೆಲ ಮುಟ್ಟುವ ಲಂಗ ತೊಟ್ಟು, ಹುಲ್ಲಿನ ಮೇಲೆ, ಮೂರು ಸೆಟ್! ಮರುವರ್ಷ ಮೇ ಜ್ಯಾಕ್ಸ್‌ಳನ್ನು 6-4, 6-1ರಿಂದ ಮಣಿಸಿ ಪ್ರಶಸ್ತಿ ಗೆದ್ದಳು. ಅಲ್ಲಿ ಸಿಂಗಲ್ಸ್ ಗೆದ್ದ ಐರಿಷ್ ಮಹಿಳೆ ಇಂದಿಗೂ ಆಕೆಯೊಬ್ಬಳೇ.

ಆ ವರ್ಷ ಸ್ಪರ್ಧಿಸಿದ್ದು ನಾಲ್ವರು ಮಾತ್ರ ಎಂದು ಮೂಗು ಮುರಿಯುವವರಿದ್ದಾರೆ. ಉಳಿದವರು ಬಾರದಿದ್ದರೆ ಅದು ಆಕೆಯ ತಪ್ಪೇ? ಆಮೇಲೆ ಲೀನಾ ಆಟದಿಂದ ದೂರವಾದಳು. 1907ರಲ್ಲಿ, ತನ್ನ ನಲವತ್ತೊಂದನೆಯ ಹುಟ್ಟುಹಬ್ಬದ ದಿನವೇ, ಕ್ಷಯದಿಂದ ತೀರಿಕೊಂಡಳು.

ನನಗನಿಸುವುದು ಇಷ್ಟು: ಸ್ವಂತ ಆಟಗಳ ಅಭಿಮಾನ ಗಟ್ಟಿಯಾದಷ್ಟೂ ಲೀನಾಳಂಥವರಿಗೆ ಜಾಗ ಕಿರಿದಾಯಿತು. ನಿಷೇಧದ ಪಟ್ಟಿಯಲ್ಲಿ ಟೆನಿಸ್ ಇರಲಿಲ್ಲ, ನಿಜ. ಆದರೂ ಅದು ದೊಡ್ಡ ಮನೆಗಳವರ, ಇಂಗ್ಲೆಂಡಿನ ಕಡೆ ಮುಖ ಮಾಡಿದವರ ಆಟವಾಗಿಯೇ ಕಂಡಿತು. ಹಳ್ಳಿಯ ಹರ್ಲಿಂಗ್ ವೀರನಿಗೆ ಸಿಕ್ಕ ಪ್ರೀತಿ ಅದೇ ಹಳ್ಳಿಯ ವಿಂಬಲ್ಡನ್ ವಿಜೇತೆಗೆ ಸಿಗಲಿಲ್ಲ.

ಹಾಗೆಂದು ನಮ್ಮ ಧಾರಾಳತನವನ್ನು ಹೊಗಳಲು ಹೊರಟರೆ ನಾಲಗೆ ತಡವರಿಸುತ್ತದೆ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲೇ. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಕ್ರಿಕೆಟ್ ಪರಕೀಯರದು ಎಂಬ ತಕರಾರು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದರೂ ಆ ತಂಡದ ಹುಡುಗಿಯರು ಪಂದ್ಯಗಳಿಗೆ ಹೋಗುತ್ತಿದ್ದುದು ಕಾಯ್ದಿರಿಸದ ರೈಲು ಬೋಗಿಗಳಲ್ಲಿ, ತಮ್ಮ ಹಾಸಿಗೆಯನ್ನು ತಾವೇ ಹೊತ್ತುಕೊಂಡು.