ಸ್ಪಷ್ಟನೆ: ‘ಸೆಟ್’ ದಾಖಲೆ ಹಳೆಯದು, ಈಗ ಮುಂದಿರುವುದು ‘ರನ್’

ವಿಜಯಪುರದ ಸ್ಪರ್ಧಾತ್ಮಕ ಪರೀಕ್ಷೆಯ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ: ‘ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಸೆಟ್. 430 ಅರ್ಥ. ಈ ದಾಖಲೆ ಇವತ್ತಿಗೂ ಮುರಿದಿಲ್ಲ.’ ಹೋದ ವಾರ ನಾನೂ ಅದನ್ನು ಪರೀಕ್ಷಿಸದೆ ಕಳಿಸಿದ್ದೆ. ಅದು ತಪ್ಪು.

430 ಅನ್ನೋದು 1989ರ ಲೆಕ್ಕ. ಆಗ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದಕ್ಕೇ ಇತ್ತು. ಆಮೇಲೆ ಅದೇ ಡಿಕ್ಷನರಿಯವರು ‘ರನ್’ ಪದವನ್ನು ಹೊಸದಾಗಿ ಪರಿಷ್ಕರಿಸಿದರು. 2011ರ ಹೊತ್ತಿಗೆ ಬರೀ ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಲೆಕ್ಕಕ್ಕೆ ಸಿಕ್ಕವು.

ಇಷ್ಟೊಂದು ಹೇಗೆ? ನಮ್ಮ ಮಾತಿನಲ್ಲೇ ನೋಡಿ. ಬಾಗಲಕೋಟೆ ಬಸ್ಸು ಓಡುತ್ತದೆ, ನಳದ ನೀರು ಹರಿಯುತ್ತದೆ, ಕಿರಾಣಿ ಅಂಗಡಿ ನಡೆಸುತ್ತೇವೆ, ಹೊಸ ಸೀರೆ ಬಣ್ಣ ಬಿಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ‘ರನ್’ ಒಂದೇ ಸಾಕು. ಚುನಾವಣೆಗೆ ನಾವು ನಿಲ್ಲುತ್ತೇವೆ, ಅಮೆರಿಕದವರು ಅಲ್ಲೂ ‘ರನ್’ ಅನ್ನುತ್ತಾರೆ. ಎಷ್ಟು ಚೆಂದ ಅಲ್ವಾ!

645ರಲ್ಲಿ ‘ರನ್ ಔಟ್’ನಂಥ ಜೋಡಿ ಪದಗಳೂ ಬಳಕೆ ತಪ್ಪಿದ ಹಳೆಯ ಅರ್ಥಗಳೂ ಸೇರಿವೆ. ಶಾಲೆಯ ಚಿಕ್ಕ ಡಿಕ್ಷನರಿಯಲ್ಲಿ ಅಷ್ಟು ಸಿಗುವುದಿಲ್ಲ. ಅದಕ್ಕೇ ಸಂಖ್ಯೆ ಹೇಳುವಾಗ ಡಿಕ್ಷನರಿಯ ಹೆಸರು, ವರ್ಷ ಎರಡನ್ನೂ ಹೇಳಬೇಕು.

ದಯವಿಟ್ಟು ಆ ಮೆಸೇಜು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿನಲ್ಲಿ ಈ ತಿದ್ದುಪಡಿ ಹಾಕಿ. ನೋಟ್ಸಿನಲ್ಲಿ ಬರೆದುಕೊಂಡ ಹುಡುಗ ಹುಡುಗಿಯರಿಗೆ ಮೊದಲು ತಿಳಿಸಿ.